ಆ ಇಂಗ್ಲಿಷ್ ಹೆಣ್ಣಿಗೆ ಉಡಿಕೆ ಮಾಡಿದ್ದು

ಪುಸ್ತಕದ ರಟ್ಟು ಹಸಿರಾಗಿತ್ತು ಎಂದು ಬರೆಯಲು ಹೊರಟಿದ್ದೆ. ಅತ್ತೆಯನ್ನು ಕೇಳಿದರೆ ಕಂದು ಎನ್ನುತ್ತಾಳೆ. ಅಪ್ಪ ಬದುಕಿದ್ದಾಗ, ಅದಕ್ಕೆ ರಟ್ಟೇ ಇರಲಿಲ್ಲ ಎನ್ನುತ್ತಿದ್ದ. ಮೂವರೂ ಅದನ್ನು ಕೈಯಲ್ಲಿ ಹಿಡಿದವರೇ. ಹಾಗಾಗಿ ರಟ್ಟಿನ ಬಣ್ಣ ಬಿಟ್ಟುಬಿಡುತ್ತೇನೆ. ಅದು ಚಿತ್ರದುರ್ಗದಲ್ಲಿ ನಾನು ಓದುತ್ತಿದ್ದ ಕಾಲೇಜಿನ ಲೈಬ್ರರಿಯ ಪುಸ್ತಕ. ಎಪ್ಪತ್ತರ ದಶಕದ ನಡುವೆ ಒಂದು ವರ್ಷ ನಮ್ಮ ಬಿ.ಎ. ತರಗತಿಗೆ ಪಠ್ಯವಾಗಿತ್ತು, ಇಂಗ್ಲಿಷಿನ ದೊಡ್ಡ ಕಾದಂಬರಿಗಳಲ್ಲಿ ಒಂದಂತೆ. ಅದರ ಕೊನೆಯ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇಷ್ಟು ಖಚಿತ. ಉಳಿದದ್ದಕ್ಕೆ ಹೆಚ್ಚಾಗಿ ನನ್ನೊಬ್ಬನದೇ ಸಾಕ್ಷಿ, ಆ ಸಾಕ್ಷಿಯ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ.

ನಮ್ಮ ಇಂಗ್ಲಿಷ್ ಲೆಕ್ಚರರ್ ಮೊದಲ ದಿನವೇ ನೋಟ್ಸ್ ಬರೆಸಿದ್ದರು: 'ಸಮಾಜದಿಂದ ಅನ್ಯಾಯಕ್ಕೊಳಗಾದ ಒಬ್ಬ ಹೆಣ್ಣಿನ ಕಥೆ.' ಯಾವ ಪ್ರಶ್ನೆ ಬಂದರೂ ಮೊದಲು ಈ ವಾಕ್ಯ ಬರೆಯಿರಿ, ಆಮೇಲೆ ನಿಮ್ಮ ಹಣೆಬರಹ, ಎಂದಿದ್ದರು. ನಾವು ನಲವತ್ತು ಜನವೂ ಬರೆದುಕೊಂಡೆವು. ಸಮಾಜ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ.

ಶನಿವಾರ ಸಂಜೆ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ತಾಳ್ಯದ ಹತ್ತಿರ ನಮ್ಮೂರು. ಕುರಿ ಮೇಯಿಸುವುದು, ಹೊಲ ಮಾಡುವುದು, ಉಣ್ಣೆ ನೂತು ಕಂಬಳಿ ನೇಯುವುದು, ಇಷ್ಟೇ ನಮ್ಮವರ ಬದುಕು. ಅಪ್ಪ ಮಾತ್ರ ಪಕ್ಕದೂರಿನ ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮ ವಂಶದಲ್ಲಿ ಕುರಿಯ ಹಿಂದೆ ಹೋಗದ ಮೊದಲ ಗಂಡಸು. ಅವನಿಗೆ ಇಂಗ್ಲಿಷ್ ಬರುತ್ತಿತ್ತೇ ಎಂದರೆ, ಡಿಕ್ಷನರಿ ಮಗ್ಗುಲಲ್ಲಿದ್ದರೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡರೆ, ಯಾರೂ ಅವಸರ ಮಾಡದಿದ್ದರೆ, ಬರುತ್ತಿತ್ತು.

"ಗಟ್ಟಿಯಾಗಿ ಓದು. ಬೀದಿಗೆ ಕೇಳ್ಬೇಕು," ಎಂದ, ಆ ಪುಸ್ತಕ ನೋಡಿದ ದಿನ.

ಬೀದಿಗೆ ಕೇಳಿತು. ಭಾನುವಾರ ಮಧ್ಯಾಹ್ನ ಮನೆಯೆದುರು ಕಂಬಳಿಯ ಹಾಸು ಕಟ್ಟುತ್ತಿದ್ದರು. ಉಣ್ಣೆಯ ಎಳೆಗಳನ್ನು ಬೀದಿಯುದ್ದಕ್ಕೆ ಎಳೆದು ಬಿಗಿದು, ಹುಣಸೆಬೀಜದ ಗಂಜಿಯನ್ನು ದೊಡ್ಡ ಕುಂಚದಿಂದ ಬಳಿಯುವ ಕೆಲಸ. ಗಂಜಿ ಕುಡಿದ ಎಳೆ ತಂತಿಯ ಹಾಗೆ ಗಟ್ಟಿಯಾಗುತ್ತದೆ, ಮಗ್ಗದಲ್ಲಿ ಹರಿಯುವುದಿಲ್ಲ. ಅಜ್ಜಿ ಒಂದು ಕಡೆ, ಅತ್ತೆ ಒಂದು ಕಡೆ ನಿಂತು ಬಳಿಯುವರು. ಅತ್ತೆ ಎಂದರೆ ಅಪ್ಪನ ತಂಗಿ. ನಾನು ಜಗುಲಿಯ ಮೇಲೆ ಕೂತು ಇಂಗ್ಲಿಷ್ ಓದುವೆ.

"ಅದೇನ್ಲೇ ಅದು, ಬಾಯಾಗೆ ಬೆಣಚುಕಲ್ಲು ಇಟ್ಕಂಡಂಗೆ ಓದ್ತೀಯ," ಎಂದಳು ಅಜ್ಜಿ. "ಅದ್ರಾಗೆ ಏನೈತೆ ಅಂತ ಹೇಳು, ನಮಗೂ ಹೊತ್ತು ಹೋಗ್ಲಿ."

"ಒಬ್ಳು ಹುಡುಗಿ ಅಜ್ಜಿ. ಬಡವ್ರ ಮನೇದು. ಹಾಲು ಕರಿಯಾ ಕೆಲ್ಸಕ್ಕೆ ಹೋಗ್ತಾಳೆ."

"ಎಷ್ಟು ಹಸ?"

ನನಗೆ ಆ ಪುಟ ಸರಿಯಾಗಿ ಅರ್ಥವಾಗಿರಲಿಲ್ಲ. "ನೂರು," ಎಂದೆ.

"ನೂರು ಹಸ ಇರಾ ಕಡೆ ಬಡತನ ಎಲ್ಲಿಂದ ಬಂತು?"

"ಹಸ ಅವಳವಲ್ಲ ಅಜ್ಜಿ."

"ಹಂಗನ್ನು ಮತ್ತೆ."

ಹೀಗೆ ಶುರುವಾಯಿತು. ಶ್ರೀಮಂತರ ಮನೆಯ ಮಗನೊಬ್ಬ ಆ ಹುಡುಗಿಯನ್ನು ಮೋಸದಿಂದ ಕೆಡಿಸಿದ ಎಂದಾಗ ಅಜ್ಜಿ ಕುಂಚ ಎತ್ತಿಹಿಡಿದು, "ಸೋದರಮಾವ ಎಲ್ಲಿ ಸತ್ತಿದ್ದ?" ಎಂದು ಕೇಳಿದಳು. ಪುಸ್ತಕದಲ್ಲಿ ಸೋದರಮಾವ ಇಲ್ಲ ಎಂದೆ. ಹಿಂದೆ ಮುಂದೆ ಹುಡುಕು ಎಂದಳು. ಹುಡುಕಿದೆ, ಇರಲಿಲ್ಲ. "ಅದಕ್ಕೇ ಹಿಂಗಾಗೈತೆ," ಎಂದು ಕುಂಚವನ್ನು ಮತ್ತೆ ಗಂಜಿಗೆ ಅದ್ದಿದಳು. ನನಗೆ ಈ ವಿವರಣೆ ಲೆಕ್ಚರರ್ ಹೇಳಿದ ಸಮಾಜಕ್ಕಿಂತ ಸ್ಪಷ್ಟವಾಗಿ ಕಂಡಿತು. ಮುಂದಿನ ವಾರದ ಟೆಸ್ಟಿನಲ್ಲಿ, ನಾಯಕಿಯ ದುರಂತಕ್ಕೆ ಮುಖ್ಯ ಕಾರಣ ಆಕೆಗೆ ಸೋದರಮಾವ ಇಲ್ಲದಿರುವುದು, ಎಂದು ಇಂಗ್ಲಿಷಿನಲ್ಲಿ ಬರೆದೆ. ಲೆಕ್ಚರರ್ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಚಿಹ್ನೆ ತುಂಬ ದೊಡ್ಡದಾಗಿತ್ತು.

ಅತ್ತೆ ಏನೂ ಕೇಳುತ್ತಿರಲಿಲ್ಲ. ಅವಳ ಕುಂಚ ಮಾತ್ರ ಕೆಲವು ಮಾತಿಗೆ ನಿಧಾನವಾಗುತ್ತಿತ್ತು.

ಅತ್ತೆಯನ್ನು ಹೊಸದುರ್ಗದ ಕಡೆಗೆ ಕೊಟ್ಟಿತ್ತು. ಮದುವೆಯಾಗಿ ಎರಡು ವರ್ಷ ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಕೊಳದ ಮುಂದೆ ಬೇಡಿಕೊಂಡು ಕೂತರೆ ನೀರಿನಿಂದ ಏನಾದರೂ ಪ್ರಸಾದ ಮೇಲೆ ಬರುತ್ತದೆಂದು ನಂಬಿಕೆ. ಅತ್ತೆ ಕೂತಳು. ಏನೂ ಬರಲಿಲ್ಲ. ಅಷ್ಟಕ್ಕೇ ಗಂಡನ ಮನೆಯವರು ಇವಳಲ್ಲೇ ಏನೋ ದೋಷವಿದೆಯೆಂದು ತೀರ್ಮಾನಿಸಿ ತವರಿಗೆ ತಂದು ಬಿಟ್ಟರು. ಗಂಡ ಹಿರಿಯೂರಿಗೆ ಹೋಗಿ ಇನ್ನೊಂದು ಮದುವೆ ಮಾಡಿಕೊಂಡ. ಹಿರಿಯರು ಕೂತು ಸಂಬಂಧ ಕಡಿದುಕೊಟ್ಟರು. "ಆವತ್ತು ಬಾಳಾ ಜನ ಇದ್ರು. ಎಲ್ರಿಗೂ ಎಲ್ಲಿ ಕೊಡ್ತಾನೆ ದೇವ್ರು, ಸಾಲು ಉದ್ದಕಿತ್ತು," ಎಂದು ಅತ್ತೆ ನಗುತ್ತಾ ಹೇಳುತ್ತಿದ್ದಳು. ನಗುತ್ತಿದ್ದಳು ಎಂಬುದು ಈಗಿನ ಅತ್ತೆಯ ಮುಖವೋ ಆಗಿನದೋ ಗೊತ್ತಿಲ್ಲ.

ಆ ಬೇಸಿಗೆಯಲ್ಲಿ ರಾಮಗಿರಿಯಿಂದ ಒಬ್ಬರು ಕಂಬಳಿ ಕೊಳ್ಳಲು ಬಂದರು. ಅಲ್ಲಿಯ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್ ಕೆಲಸ, ಹೆಂಡತಿ ತೀರಿಹೋಗಿದ್ದರು. ಒಂದು ಕಂಬಳಿಗೆ ಎರಡು ಗಂಟೆ ಹೊತ್ತು ಕೂತರು. ಕಂಬಳಿಯನ್ನು ಬಿಚ್ಚಿ ನೋಡಿದ್ದು ಒಂದು ಸಲ. ಹದಿನೈದು ದಿನ ಬಿಟ್ಟು, ನಿಮ್ಮ ಮಗಳನ್ನು ಉಡಿಕೆ ಮಾಡಿಕೊಡುತ್ತೀರಾ ಎಂದು ಹೇಳಿ ಕಳಿಸಿದರು. ಗಂಡ ಸತ್ತ ಇಲ್ಲವೇ ಬಿಟ್ಟ ಹೆಣ್ಣಿಗೆ ಹಿರಿಯರ ಮುಂದೆ ಹೊಸ ಸೀರೆ ಉಡಿಸಿ ಇನ್ನೊಬ್ಬ ಗಂಡನ ಜೊತೆ ಕಳಿಸುವುದೇ ಉಡಿಕೆ. ಚಪ್ಪರವಿಲ್ಲ, ವಾಲಗವಿಲ್ಲ, ಅರ್ಧ ದಿನದ ಕೆಲಸ. ನಮ್ಮವರಲ್ಲಿ ಮೊದಲಿನಿಂದ ಇದ್ದದ್ದೇ. ಆದರೆ ಅಪ್ಪನಂಥ ನಾಲ್ಕು ಜನ ಓದಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಮೇಲೆ ಅದು ಹಿಂದುಳಿದವರ ಪದ್ಧತಿಯಾಗಿತ್ತು.

"ನಮ್ ಮನ್ಯಾಗೆ ಉಡಿಕೆ ಅನ್ನಾದೇ ಇಲ್ಲ," ಎಂದ ಅಪ್ಪ. "ಮೇಷ್ಟ್ರ ತಂಗಿ ಉಡಿಕೆ ಆದ್ಲು ಅಂತ ಮೂರನೇ ಕ್ಲಾಸಿನ ಹುಡುಗ್ರು ಆಡ್ಕಂತಾವೆ."

ಅತ್ತೆಗೆ ಹೋಗುವ ಮನಸ್ಸಿತ್ತು. ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವರು ಕೊಂಡ ಕಂಬಳಿಗೆ ಜೋಡಿಯಾಗಿ ಇನ್ನೊಂದಕ್ಕೆ ಉಣ್ಣೆ ನೂಲಲು ಶುರುಮಾಡಿದ್ದಳು. ಅದಕ್ಕೆ ಯಾರೂ ಹೇಳಿರಲಿಲ್ಲ.

ಹೀಗಿರುವಾಗ ನನ್ನ ಓದು ಆ ಮದುವೆಯ ಅಧ್ಯಾಯಕ್ಕೆ ಬಂತು. ನಾಯಕಿಗೆ ಒಬ್ಬ ಓದಿದವನ ಜೊತೆ ಮದುವೆಯಾಗುತ್ತದೆ. ಅದೇ ದಿನ ಗಂಡ ಹೆಂಡತಿ ಕೂತು ತಮ್ಮ ತಮ್ಮ ಹಳೆಯ ವಿಷಯ ಹೇಳಿಕೊಳ್ಳುತ್ತಾರೆ. ಅಜ್ಜಿ ಕುಂಚ ಕೆಳಗಿಟ್ಟಳು.

"ನಿಲ್ಸು. ಮತ್ತೊಂದ್ಸಲ ಹೇಳು. ಅವ್ನೂ ಮೊದ್ಲು ತಪ್ಪು ಮಾಡಿದ್ದ?"

"ಹೂಂ."

"ಇವ್ಳು, ಹೋಗ್ಲಿ ಬಿಡು ಅಂದ್ಲು?"

"ಹೂಂ."

"ಇವ್ಳು ತನ್ನ ವಿಷ್ಯ ಹೇಳಿದ್ದಕ್ಕೆ ಅವ್ನು ಬಿಟ್ ಹೋದ?"

"ಹೂಂ. ಹಡಗು ಹತ್ತಿ."

"ಎತ್ತಿನ ಗಾಡಿ ಆಗಿದ್ರೆ ಹೋಗಿ ಹಿಡ್ಕಂಬರಬೋದಿತ್ತು," ಎಂದಳು ಅಜ್ಜಿ. ಆಮೇಲೆ ಜಗುಲಿಯ ಕಡೆ ತಿರುಗಿ, "ಲೇ ಮೇಷ್ಟ್ರೇ, ನೀನೇ ನ್ಯಾಯ ಹೇಳಪ್ಪ. ಓದಿದೋನು," ಎಂದಳು.

ಅಪ್ಪ ಹುಡುಗರ ನೋಟ್‌ಬುಕ್ಕು ತಿದ್ದುತ್ತಿದ್ದ. ಅರ್ಧ ಗಂಟೆಯಿಂದ ಅವನ ಕೆಂಪು ಪೆನ್ಸಿಲ್ಲು ಒಂದೇ ಕೂಡುವ ಲೆಕ್ಕದ ಮೇಲೆ ನಿಂತಿತ್ತು. ನ್ಯಾಯ ಹೇಳು ಎಂದರೆ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ. ಎದ್ದು ನಿಂತೇ ಹೇಳಿದ:

"ಅವ್ನು ಗಂಡ್ಸೇ ಅಲ್ಲ. ಓದಿದೋನಂತೆ ಬೇರೆ! ಬಿಟ್ ಹೋದ ಅಂದ್ಮೇಲೆ ಅವನಿಗೂ ಅವಳಿಗೂ ಏನು ಸಂಬಂಧ? ಆ ಹೆಣ್ಣುಮಗಳು ಇನ್ನೊಂದು ಮದುವೆ ಮಾಡ್ಕಂಡ್ರೆ ತಪ್ಪೇನೈತೆ?"

ಅತ್ತೆಯ ಕುಂಚ ನಿಂತಿತು. ಒಳಗೆ ಅಮ್ಮ ರೊಟ್ಟಿ ತಟ್ಟುತ್ತಿದ್ದಳು, ಆ ಸದ್ದೂ ನಿಂತಿತು.

"ಇಂಗ್ಲಿಷಿನೋಳಿಗೆ ತಪ್ಪಿಲ್ಲ," ಎಂದಳು ಅಜ್ಜಿ, ಬಹಳ ಮೆತ್ತಗೆ. "ನಿನ್ ತಂಗಿಗೆ ತಪ್ಪಾ?"

"ಅವ್ವ, ಅದು ಕತೆ!"

"ಕತ್ಯಾಗೆ ಇರೋಳು ಉಣ್ಣಲ್ಲ, ಉಡಲ್ಲ. ಅವಳಿಗೆ ಎದ್ದು ನಿಂತು ನ್ಯಾಯ ಕೊಡ್ತೀಯ."

"ನಮ್ ಮನೆತನದಾಗೆ ಉಡಿಕೆ..."

"ನಿಮ್ಮಪ್ಪಗೆ ನಾನು ಉಡಿಕೆ ಆಗಿ ಬಂದೋಳೇ ಕಣಪ್ಪ. ಮತ್ತೆ ನಿನ್ನ ಸಂತ್ಯಾಗೆ ತಂದಿದ್ದು ಅನ್ಕಂಡಿದ್ದೇನು?"

ನನಗೆ ಇದು ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಕಿವಿ ಕೆಂಪಾದ ರೀತಿಯಲ್ಲೇ ತಿಳಿಯುತ್ತಿತ್ತು. ಒಳಗಿನಿಂದ ಅಮ್ಮ ನಕ್ಕ ಸದ್ದು ಬಂತು, ಕೂಡಲೇ ಅದು ಕೆಮ್ಮಾಯಿತು.

ಸೋತು ಅಭ್ಯಾಸವಿಲ್ಲದ ಅಪ್ಪ ಒಂದು ಉಪಾಯ ಹುಡುಕಿದ. ಅವನ ಲೋಕದಲ್ಲಿ ಪಠ್ಯಪುಸ್ತಕಕ್ಕಿಂತ ದೊಡ್ಡದು ಇರಲಿಲ್ಲ. ಅವನು ಇಪ್ಪತ್ತು ವರ್ಷ ಪಾಠ ಮಾಡಿದ ಪಠ್ಯಗಳಲ್ಲಿ ಕಾಗೆಯಿರಲಿ, ನರಿಯಿರಲಿ, ಕೊನೆಗೆ ಎಲ್ಲರಿಗೂ ತಕ್ಕದ್ದೇ ಆಗುತ್ತಿತ್ತು.

"ಇದು ಸುಮ್ನೆ ಕತೆ ಅಲ್ಲ, ಪಠ್ಯ," ಎಂದ. "ಪಠ್ಯ ಅಂದ್ಮೇಲೆ ಕೊನೆಗೆ ನೀತಿ ಇರ್ತೈತೆ. ತಿಳಿದೋರು ಆರಿಸಿರ್ತಾರೆ. ಕೊನೆಗೆ ಆಕೆಗೆ ಒಳ್ಳೇದಾಗಿದ್ರೆ ನಾನೂ ಒಪ್ದೆ, ರಾಮಗಿರಿಯೋರಿಗೆ ಹೇಳಿ ಕಳಿಸಾಣ. ಕೆಟ್ಟದಾಗಿದ್ರೆ ಈ ಮನ್ಯಾಗೆ ಆ ಮಾತು ಮತ್ತೆ ಎತ್ತಬಾರ್ದು."

ಅಜ್ಜಿ ಒಳಗೆ ಹೋಗಿ ಎರಡು ಎಲೆ, ಒಂದು ಅಡಿಕೆ ತಂದು ಅವನ ಮುಂದೆ ಹಿಡಿದಳು. "ಹಂಗಾದ್ರೆ ವೀಳ್ಯ ಹಿಡಿ." ನಾಲ್ಕು ಜನರ ಮುಂದೆ ವೀಳ್ಯ ಹಿಡಿದು ಆಡಿದ ಮಾತನ್ನು ನಮ್ಮವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಪ್ಪ ಹಿಡಿದ. ಬಾಯಿಗೂ ಹಾಕಿಕೊಂಡ. ಜಗಿಯುತ್ತಾ ನನಗೆ ಹೇಳಿದ: "ಮುಂದಿನ ಭಾನುವಾರ ಕೊನೆ ಓದು. ಡಿಕ್ಷನರಿ ಇಟ್ಕಂಡು ನಾನೂ ಕೂರ್ತೀನಿ."

ಆ ವಾರ ನಾನು ಕ್ಲಾಸಿಗೆ ಹೋಗಲಿಲ್ಲ. ಕೋಟೆಯ ಕೆಳಗೆ ಒಂದು ಬಂಡೆಯ ನೆರಳಲ್ಲಿ ಕೂತು ಓದಿದೆ. ಗುರುವಾರ ಮುಗಿಯಿತು. ಆಕೆಯನ್ನು ಗಲ್ಲಿಗೇರಿಸಿದ್ದರು.

ಮೊದಲು ಸಾಲು ತಪ್ಪಿ ಓದಿದೆನೇನೋ ಎಂದುಕೊಂಡೆ. ಮತ್ತೆ ಓದಿದೆ. ಮತ್ತೆಯೂ ಗಲ್ಲಿಗೇರಿಸಿದರು. ಆಮೇಲೆ ಲೆಕ್ಚರರ್ ಹತ್ತಿರ ಹೋಗಿ, 'ಸಾರ್, ಬೇರೆ ಕೊನೆ ಇರೋ ಪ್ರತಿ ಸಿಗುತ್ತಾ?' ಎಂದು ಕೇಳಿದೆ ಎಂದು ಬಹಳ ಜನಕ್ಕೆ ಹೇಳಿ ನಗಿಸಿದ್ದೇನೆ. ನಿಜವಾಗಿ ಕೇಳಲಿಲ್ಲ. ಕೇಳಲು ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗಿದ್ದು ನಿಜ.

ಶನಿವಾರ ಊರಿಗೆ ಬಂದಾಗ ಅತ್ತೆ ಹಿತ್ತಲಲ್ಲಿ ಮಾರನೆಯ ದಿನಕ್ಕೆ ಗಂಜಿ ಕಾಯಿಸುತ್ತಿದ್ದಳು.

"ಏನಾತು?" ಎಂದಳು.

"ಯಾರಿಗೆ?"

"ನನ್ ಹತ್ರ ನಾಟ್ಕ ಆಡ್ಬ್ಯಾಡ."

"ನೇಣಿಗೆ ಹಾಕ್ತಾರೆ ಅತ್ತೆ."

ಅವಳು ಗಂಜಿ ತಿರುವುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗಂಟಾಗುತ್ತದೆ. "ಯಾತಕ್ಕೆ?"

"ಮೊದ್ಲು ಮೋಸ ಮಾಡಿದ್ನಲ್ಲ, ಅವನ್ನ ಕೊಂದಳು ಅಂತ."

"ಅಷ್ಟಾದ್ರೂ ಮಾಡಿದ್ಲು," ಎಂದಳು. ಒಲೆಯ ಕೊಳ್ಳಿ ಹಿಂದಕ್ಕೆ ಎಳೆದು, "ನಿಮ್ಮಪ್ಪ ಅದನ್ನ ಓದ್ತಾನಾ?"

"ನಿಧಾನಕ್ಕೆ ಓದ್ತಾನೆ."

"ಕೊಂದಿದ್ದರಿಂದ ಹಿಡಿದು ಎಷ್ಟು ಹಾಳೆ ಅವೆ?"

ಎಣಿಸಿ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೈ ಚಾಚಿದಳು.

ಇಲ್ಲಿ ನನ್ನ ನೆನಪು ಮೂರು ಸಲ ಬದಲಾಗಿದೆ. ಮೊದಲು, ಪುಸ್ತಕ ಕೈಜಾರಿ ಗಂಜಿಯ ಮಡಕೆಗೆ ಬಿತ್ತು ಎನ್ನುತ್ತಿದ್ದೆ. ಲೈಬ್ರರಿಯಲ್ಲೂ ಹಾಗೇ ಹೇಳಿದ್ದು. ನಡುವಯಸ್ಸಿನಲ್ಲಿ, ನಾನೇ ಧೈರ್ಯಮಾಡಿ ಬಳಿದೆ ಎಂದು ಹೇಳಿಕೊಂಡು ತಿರುಗಿದೆ. "ನೀನು ಮೂಗು ಒರೆಸ್ಕಂತ ನಿಂತಿದ್ದೆ. ಕುಂಚ ನನ್ ಕೈಯಾಗಿತ್ತು," ಎನ್ನುತ್ತಾಳೆ ಅತ್ತೆ. ನನ್ನ ಕಣ್ಣಿಗೆ ಕುಂಚ ಕಾಣುತ್ತದೆ, ಹಿಡಿದ ಕೈ ಕಾಣುವುದಿಲ್ಲ. ಆದರೆ ಹಾಳೆಗಳ ಎರಡೂ ಬದಿಗೆ ಒಂದೂ ಗಂಟಿಲ್ಲದೆ, ಅಂಚಿನವರೆಗೆ ಸಮವಾಗಿ ಬಳಿದು, ಮೇಲೆ ಕಲ್ಲು ಹೇರಿ ಇಟ್ಟಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸ ನನ್ನದಾಗಿರಲು ಸಾಧ್ಯವಿಲ್ಲ.

ಭಾನುವಾರ ಅಪ್ಪ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಕೂತ. ಪುಸ್ತಕದ ಕೊನೆ ರೊಟ್ಟಿಯ ಹಾಗಿತ್ತು. ಉಗುರು ಹಾಕಿದ, ಬಿಡಲಿಲ್ಲ. ಬಿಸಿಲಿಗೆ ಹಿಡಿದ, ಕಾಣಲಿಲ್ಲ. ಮೂಸಿ ನೋಡಿದ.

"ಗಂಜಿ ಬಿತ್ತಪ್ಪ," ಎಂದೆ.

"ಲೈಬ್ರರಿ ಪುಸ್ತಕ!" ಎಂದು ಹತ್ತು ನಿಮಿಷ ಕೂಗಾಡಿದ. ಆ ಹತ್ತು ನಿಮಿಷ ಅವನಿಗೆ ತಂಗಿಯೂ ನೆನಪಿರಲಿಲ್ಲ, ವೀಳ್ಯವೂ ನೆನಪಿರಲಿಲ್ಲ. ಆಮೇಲೆ ಕೂತು, "ನೀನು ಓದಿದ್ಯಾ? ಏನಾಗ್ತೈತೆ ಹೇಳು," ಎಂದ.

ಎರಡೇ ಮಾತಿನಲ್ಲಿ ಮುಗಿಸಬೇಕೆಂದು ಯೋಚಿಸಿಕೊಂಡು ಬಂದಿದ್ದೆ. ಆದರೆ ಸುಳ್ಳು ಶುರುವಾದ ಮೇಲೆ ಅದಕ್ಕೆ ತನ್ನದೇ ಹಸಿವಿರುತ್ತದೆ. "ಕೊನೆಗೆ ಒಬ್ಬರು ಬರ್ತಾರೆ. ಹೆಂಡ್ತಿ ತೀರ್ಕಂಡೋರು. ರೈಲ್ವೆ ಕೆಲಸ."

"ಅಲ್ಲೂ ರೈಲ್ವೇನಾ?"

"ರೈಲು ಅವರದೇ ಅಲ್ವೇನಪ್ಪ."

ಇದು ಅಪ್ಪನಿಗೆ ಸರಿಯೆನಿಸಿತು. ತಲೆಯಾಡಿಸಿದ.

"ಬೆಣ್ಣೆ ಕೊಳ್ಳಾಕೆ ಬಂದು ಎರಡು ಗಂಟೆ ಕುಂತ್ಕಂತಾರೆ," ಎಂದೆ. ಅತ್ತೆ ಹಾಸಿನ ಆಚೆ ಬದಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಬೆನ್ನು ಅಲುಗುತ್ತಿತ್ತು. "ಆಮೇಲೆ ಹಿರಿಯರ ಮುಂದೆ ಅವರಿಗೇ ಕೊಟ್ಟು ಕಳಿಸ್ತಾರೆ."

"ಸೀರೆ ಯಾವ ಬಣ್ಣದ್ದು?" ಎಂದಳು ಅಜ್ಜಿ.

"ಹಸಿರು."

"ಅವ್ರು ಸೀರೆ ಉಡ್ತಾರೇನ್ಲೇ?" ಎಂದ ಅಪ್ಪ.

"ಗೌನು. ಹಸಿರು ಗೌನು."

ಅಪ್ಪ ನನ್ನನ್ನೇ ಬಹಳ ಹೊತ್ತು ನೋಡಿದ. ಮೂರನೇ ಕ್ಲಾಸಿನ ಹುಡುಗರು ಲೆಕ್ಕ ಕದ್ದು ಬರೆದಾಗ ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ ಡಿಕ್ಷನರಿ ಮುಚ್ಚಿದ. "ರಾಮಗಿರಿಯೋರಿಗೆ ಬರಾಕೆ ಹೇಳ್ರಿ," ಎಂದು ಒಳಗೆ ಹೋದ.

ಉಡಿಕೆ ಆಯಿತು. ಸೀರೆ ಹಸಿರೇ, ಅಜ್ಜಿ ಬೇರೆ ಬಣ್ಣ ಒಪ್ಪಲಿಲ್ಲ. ಅಪ್ಪ ವೀಳ್ಯ ಕೊಟ್ಟ, ಮಾತು ಉಳಿಸಿಕೊಂಡ, ಆದರೆ ತಂಗಿಯನ್ನು ಬಿಡಲು ರಾಮಗಿರಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಅತ್ತೆ ಎರಡು ಸಲ ಹೇಳಿ ಕಳಿಸಿದಳು. ಒಂದು ಸಲ ಜ್ವರ ಎಂದ, ಒಂದು ಸಲ ಇನ್‌ಸ್ಪೆಕ್ಟರ್ ಬರುತ್ತಾರೆ ಎಂದ. "ಅಣ್ಣ ಬಂದು ಒಂದು ಮುದ್ದೆ ಉಣ್ಣೋ ತನಕ ನಾನು ಅರ್ಧ ಬಂದಂಗೆ," ಎಂದಿದ್ದಳಂತೆ ಅತ್ತೆ. ಅಮ್ಮ ಆ ಮಾತನ್ನು ಅಪ್ಪನಿಗೆ ಊಟಕ್ಕೆ ಬಡಿಸುವಾಗಲೆಲ್ಲ ಹೇಳುತ್ತಿದ್ದಳು. ಅಪ್ಪ ಇನ್ನಷ್ಟು ಸಾರು ಕೇಳುತ್ತಿದ್ದ.

ಅಷ್ಟರಲ್ಲಿ ಕಾಲೇಜಿನಲ್ಲಿ ಪ್ರಿಪರೇಟರಿ ಪರೀಕ್ಷೆ ಬಂತು. ಕಾದಂಬರಿಯ ಕೊನೆಯ ಘಟನೆಯನ್ನು ವಿವರಿಸಿ, ಅದು ನ್ಯಾಯವೇ ಹೇಳಿ ಎಂಬ ಪ್ರಶ್ನೆ. ಮೊದಲು ಸಮಾಜದ ವಾಕ್ಯ ಬರೆದೆ. ಆಮೇಲೆ ನೇಣು ಬರೆಯಬೇಕಿತ್ತು. ಕೈ ಏಳಲಿಲ್ಲ. ನೇಣು ಬರೆದರೆ ರಾಮಗಿರಿಯಲ್ಲಿ ಏನೋ ಆಗಿಬಿಡುತ್ತದೆ ಎಂಬ ಭಯ. ರೈಲ್ವೆಯವರು, ಬೆಣ್ಣೆ, ಹಸಿರು ಗೌನು, ಎಲ್ಲ ಸೇರಿ ಎರಡೂವರೆ ಪುಟ ಬರೆದೆ. ಇದು ಸಂಪೂರ್ಣ ನ್ಯಾಯ ಎಂದು ಮುಗಿಸಿದೆ.

ಲೆಕ್ಚರರ್ ತಂದೆಯನ್ನು ಕರೆದುಕೊಂಡು ಬಾ ಎಂದರು. ಅಪ್ಪ ಇಸ್ತ್ರಿ ಅಂಗಿಯಲ್ಲಿ ಬಂದ. ನಾನು ಬಾಗಿಲ ಹೊರಗೆ ನಿಂತಿದ್ದೆ.

"ನೋಡ್ರಿ ಮೇಷ್ಟ್ರೇ, ನಿಮ್ಮ ಮಗ ಆಕೆಗೆ ಇನ್ನೊಂದು ಮದುವೆ ಮಾಡಿಸಿದಾನೆ. ಪುಸ್ತಕದಲ್ಲಿ ಆಕೆಯನ್ನ ಗಲ್ಲಿಗೆ ಹಾಕ್ತಾರೆ ಕಣ್ರಿ. ಗಲ್ಲಿಗೆ!"

ಒಳಗೆ ಉತ್ತರಪತ್ರಿಕೆಯ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ಅಪ್ಪನ ಧ್ವನಿ: "ಪಠ್ಯದಲ್ಲೇ ಹಂಗೈತಾ ಸಾರ್?"

"ಪಠ್ಯದಲ್ಲೇ."

"ಏನೂ ತಪ್ಪು ಮಾಡ್ದಿದ್ರೂ?"

ಅದಕ್ಕೆ ಲೆಕ್ಚರರ್ ಏನು ಹೇಳಿದರೋ ಕೇಳಿಸಲಿಲ್ಲ. ಹೊರಗೆ ಬಂದ ಅಪ್ಪ ನನ್ನ ಮುಖ ನೋಡಲಿಲ್ಲ. "ನೀನು ಹಾಸ್ಟೆಲ್ಲಿಗೆ ಹೋಗು," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಆವತ್ತು ಅವನು ಮನೆಗೆ ಹೋಗಲಿಲ್ಲ. ಹೊಳಲ್ಕೆರೆಗೆ ಹೋಗಿ, ಅಲ್ಲಿಂದ ರೈಲು ಹತ್ತಿ ರಾಮಗಿರಿಯಲ್ಲಿ ಇಳಿದ. ನಮ್ಮೂರಿಗೆ ಹೋಗುವವನಿಗೆ ರಾಮಗಿರಿ ದಾರಿಯಲ್ಲಿ ಸಿಗುವುದಿಲ್ಲ.

ಅಲ್ಲಿ ನಡೆದದ್ದು ನಾನು ಕಂಡದ್ದಲ್ಲ. ಅತ್ತೆ ಹೇಳುವ ಪ್ರಕಾರ ಅಪ್ಪ ಬಾಗಿಲಲ್ಲಿ ನಿಂತು, "ಅವಳನ್ನ ನೇಣಿಗೆ ಹಾಕಿದ್ರಂತಲ್ಲೇ," ಎಂದ. ಇವಳು, "ಗೊತ್ತು ಬಾರಣ್ಣ, ಕಾಲು ತೊಳ್ಕ, ಮುದ್ದೆ ಆಗೈತೆ," ಎಂದಳು. ರಾಮಗಿರಿಯ ಮಾವ ಹೇಳುವ ಪ್ರಕಾರ ಅಂಥ ಮಾತೇ ಬರಲಿಲ್ಲ; ಅಪ್ಪ ಬ್ಯಾಗು ಕೂಡ ಇಳಿಸದೆ ಕೂತು ಮೂರು ಮುದ್ದೆ ಉಂಡ. ಅಪ್ಪ ಕೊನೆಯವರೆಗೂ ಹೇಳಿದ್ದು, ರೈಲು ಲೇಟಾಗಿತ್ತು, ಹಸಿವಾಗಿತ್ತು, ಮುದ್ದೆ ಉಂಡೆ, ಅಷ್ಟೇ. ಮೂರರಲ್ಲೂ ಮುದ್ದೆ ಇದೆ. ನನಗೆ ಅದು ಸಾಕು.

ಮುಂದಿನ ಶನಿವಾರ ನಾನು ಹೆದರುತ್ತಲೇ ಊರಿಗೆ ಹೋದೆ. ಅಪ್ಪ ಪೆನ್ಸಿಲ್ ಕೆತ್ತುತ್ತಿದ್ದ. ತಲೆಯೆತ್ತದೆ ಹೇಳಿದ: "ಪರೀಕ್ಷ್ಯಾಗೆ ನೇಣು ಅಂತ್ಲೇ ಬರಿ. ಮನ್ಯಾಗೆ ಯಾರಾನ ಕೇಳಿದ್ರೆ ಮೊದ್ಲು ಹೇಳಿದ್ದನ್ನೇ ಹೇಳು."

ಹಾಗೇ ಮಾಡಿದೆ, ಪಾಸಾದೆ. ಒಂದು ಭಾನುವಾರ, ಅದು ಆ ವರ್ಷವೋ ಮುಂದಿನದೋ, ಅಜ್ಜಿ ಹಾಸಿನ ಎಳೆಗಳಿಗೆ ಗಂಜಿ ಬಳಿಯುತ್ತಾ ಇದ್ದಕ್ಕಿದ್ದಂತೆ ಕೇಳಿದಳು: "ಅಲ್ಲಲೇ, ಆ ಹಾಲು ಕರಿಯೋಳು. ಅವಳಿಗೆ ಮಕ್ಳಾದ್ವೇನು?"

ನಾನು ಅಪ್ಪನ ಕಡೆ ನೋಡಿದೆ.

"ಎರಡು," ಎಂದ ಅಪ್ಪ ಜಗುಲಿಯಿಂದ, ನೋಟ್‌ಬುಕ್ಕಿನ ಮೇಲಿನ ಕಣ್ಣು ತೆಗೆಯದೆ. "ಒಂದು ಹೆಣ್ಣು, ಒಂದು ಗಂಡು."